ಬಿಲ್ ಬಾಕಿ ಇಟ್ಟು ಕೊಟ್ಟ ದೇಣಿಗೆ

ಸಕ್ಕರೆ ಕಾರ್ಖಾನೆ ಈ ಭಾಗಕ್ಕೆ ಏನು ಕೊಟ್ಟಿದೆ ಅಂತ ಕೇಳಿ ನೋಡಿ. ಆಫೀಸಿನಲ್ಲಿ ಕೇಳಿದರೆ ಒಂದು ಪಟ್ಟಿ ಸಿಗುತ್ತದೆ. ಶಾಲೆಗೆ ಎರಡು ಕೋಣೆ, ಬಸ್‌ಸ್ಟ್ಯಾಂಡಿನ ಹತ್ತಿರ ಶುದ್ಧ ನೀರಿನ ಘಟಕ, ಕಣ್ಣು ತಪಾಸಣೆ ಶಿಬಿರ, ಜಾತ್ರೆಗೆ ದೇಣಿಗೆ. ಹೊರಗೆ ಚಹಾದಂಗಡಿಯಲ್ಲಿ ಕೇಳಿದರೆ ಬೇರೆಯದೇ ಮಾತು.

"ಗೌಡ್ರ, ಬಿಲ್ ಬಂತೇನ್ರಿ?"

"ಎಲ್ಲೀದ್ರಿ, ಯುಗಾದಿಗೆ ಅಂದಾರ. ಯಾವ ವರ್ಷದ ಯುಗಾದಿ ಅನ್ನೋದು ಹೇಳಿಲ್ಲ."

ಎರಡೂ ಮಾತು ನಿಜವೇ. ಆದರೆ ಎರಡನ್ನೂ ಒಂದೇ ಹಾಳೆಯ ಮೇಲೆ ಬರೆದು ಕೂಡಿಸಿ ಕಳೆಯುವವರು ಕಡಿಮೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದಲ್ಲಿ ದುಡ್ಡಿನ ದೊಡ್ಡ ಪಾಲು ಓಡಾಡುವುದು ಕಬ್ಬಿನ ಸುತ್ತಲೇ. ಹಾಗಿರುವಾಗ ದಾನ, ಸಮಾಜಸೇವೆ, ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಅಂತ ಮಾತಾಡಿ ಕಬ್ಬಿನ ಬಿಲ್, ಅಂದರೆ ಕಾರ್ಖಾನೆ ರೈತನಿಗೆ ಕೊಡಬೇಕಾದ ಕಬ್ಬಿನ ದುಡ್ಡಿನ ವಿಷಯ ಬಿಟ್ಟರೆ ಅದು ಅರ್ಧ ಮಾತು.

ಮೊದಲು ಕಾನೂನು ನೋಡೋಣ. 2013ರ ಕಂಪನಿ ಕಾಯ್ದೆಯ 135ನೇ ಕಲಂ 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಕಂಪನಿಯ ನಿವ್ವಳ ಮೌಲ್ಯ 500 ಕೋಟಿ ರೂಪಾಯಿ, ಇಲ್ಲವೇ ವಹಿವಾಟು 1000 ಕೋಟಿ, ಇಲ್ಲವೇ ನಿವ್ವಳ ಲಾಭ 5 ಕೋಟಿ ಮುಟ್ಟಿದರೆ ಅದು ಈ ಕಲಮಿನ ಅಡಿ ಬರುತ್ತದೆ. ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು. ಶುರುವಿನಲ್ಲಿ ಖರ್ಚು ಮಾಡದಿದ್ದರೆ ಕಾರಣ ಬರೆದು ಕೊಟ್ಟರೆ ನಡೆಯುತ್ತಿತ್ತು. 2021ರ ಜನವರಿಯಿಂದ ಅದು ಬಿಗಿಯಾಯಿತು. ಉಳಿಸಿಕೊಂಡ ದುಡ್ಡನ್ನು ವರ್ಷ ಮುಗಿದ ಆರು ತಿಂಗಳೊಳಗೆ ಸರ್ಕಾರ ಹೇಳಿದ ನಿಧಿಗೆ ಕಟ್ಟಬೇಕು. ಹಲವು ವರ್ಷ ನಡೆಯುವ ಯೋಜನೆಯಾದರೆ ಬೇರೆ ಖಾತೆಯಲ್ಲಿಟ್ಟು ಮೂರು ವರ್ಷದೊಳಗೆ ಮುಗಿಸಬೇಕು. ತಪ್ಪಿದರೆ ದಂಡ.

ಏನು ಸಿಎಸ್‌ಆರ್ ಅಲ್ಲ ಅನ್ನುವ ಪಟ್ಟಿಯೂ ಇದೆ, ನನಗೆ ಅದೇ ಜಾಸ್ತಿ ಮುಖ್ಯ ಅನ್ನಿಸುತ್ತದೆ. ತನ್ನ ನೌಕರರಿಗೆ ಮಾತ್ರ ಮಾಡಿದ ಉಪಕಾರ ಲೆಕ್ಕಕ್ಕಿಲ್ಲ. ರಾಜಕೀಯ ಪಕ್ಷಕ್ಕೆ ಕೊಟ್ಟದ್ದು ಲೆಕ್ಕಕ್ಕಿಲ್ಲ. ಜಾಹೀರಾತಿನ ಲಾಭಕ್ಕಾಗಿ ಮಾಡಿದ ಪ್ರಾಯೋಜಕತ್ವವೂ ಇಲ್ಲ. ಕೊನೆಯದಾಗಿ, ಬೇರೆ ಯಾವುದೇ ಕಾನೂನಿನ ಪ್ರಕಾರ ಮಾಡಲೇಬೇಕಾದ ಕೆಲಸವೂ ಸಿಎಸ್‌ಆರ್ ಅಲ್ಲ. ಹೊಲಸು ನೀರನ್ನು ಶುದ್ಧ ಮಾಡಿ ಬಿಡುವುದು ಕರ್ತವ್ಯ, ದಾನವಲ್ಲ. ಚಿಮಣಿಯ ಬೂದಿ ಮಾಳಿಗೆಯ ಮೇಲೆ ಒಣಹಾಕಿದ ಶೇಂಗಾದ ಮೇಲೆ ಬೀಳದ ಹಾಗೆ ನೋಡಿಕೊಳ್ಳುವುದೂ ಅಷ್ಟೇ.

ಕಬ್ಬಿನ ಬಿಲ್ ಕೂಡ ಹಾಗೆಯೇ. 1966ರ ಕಬ್ಬು ನಿಯಂತ್ರಣ ಆದೇಶ ಸ್ಪಷ್ಟವಾಗಿದೆ. ಕಬ್ಬು ಕಾರ್ಖಾನೆಗೆ ಮುಟ್ಟಿದ 14 ದಿನದೊಳಗೆ ದುಡ್ಡು ಕೊಡಬೇಕು. ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಿ ಕೊಡಬೇಕು. ಆದೇಶಕ್ಕೆ ಅರವತ್ತು ವರ್ಷದ ಹತ್ತಿರ ವಯಸ್ಸಾಯಿತು. ಬಡ್ಡಿ ಕೈಗೆ ಬಂತು ಅಂತ ಪೇಢಾ ಹಂಚಿದ ರೈತ ಯಾರಾದರೂ ನಿಮಗೆ ಗೊತ್ತಿದ್ದರೆ ಹೇಳಿ.

ಒಂದು ಲೆಕ್ಕ ಹಾಕೋಣ, ಸುಮ್ನೆ ಅಂದಾಜಿಗೆ. ಒಂದು ಕಂಪನಿ ಕಾರ್ಖಾನೆಯ ಮೂರು ವರ್ಷದ ಸರಾಸರಿ ಲಾಭ 20 ಕೋಟಿ ಇದೆ ಅನ್ನಿ. ಅದರ ಸಿಎಸ್‌ಆರ್ 40 ಲಕ್ಷ. ಅದೇ ಕಾರ್ಖಾನೆ ರೈತರ 100 ಕೋಟಿ ಬಿಲ್ಲನ್ನು 14 ದಿನ ಕಳೆದ ಮೇಲೂ 60 ದಿನ ತಡೆದು ಕೊಟ್ಟಿತು ಅನ್ನಿ. ಶೇ 15ರಂತೆ ಆಗುವ ಬಡ್ಡಿ ಸುಮಾರು 2 ಕೋಟಿ 46 ಲಕ್ಷ. ಆ ಬಡ್ಡಿ ಕೊಡದೇ ಹೋದರೆ, ಕಾರ್ಖಾನೆ ಊರಿಗೆ ಕೊಟ್ಟದ್ದರ ಆರು ಪಟ್ಟನ್ನು ಊರೇ ಕಾರ್ಖಾನೆಗೆ ಕೊಟ್ಟ ಹಾಗಾಯಿತು. ಅದಕ್ಕೆ ಶಾಲು ಇಲ್ಲ, ಹಾರ ಇಲ್ಲ, ಗೋಡೆಯ ಮೇಲೆ ಹೆಸರೂ ಇಲ್ಲ. ಟನ್ನಿಗೆ 3300 ರೂಪಾಯಿಯಂತೆ 50 ಟನ್ ಕಳಿಸಿದ ಸಣ್ಣ ರೈತನ ಪಾಲು ಇದರಲ್ಲಿ 4 ಸಾವಿರ ರೂಪಾಯಿಯ ಮೇಲಾಗುತ್ತದೆ. ಅಷ್ಟರೊಳಗೆ ಅವನು ಗೊಬ್ಬರದಂಗಡಿಯಲ್ಲಿ ಉದ್ರಿ ತಂದಿರುತ್ತಾನೆ, ಸೊಸೈಟಿ ಸಾಲದ ಕಂತು ತಪ್ಪಿರುತ್ತದೆ. ಆ ಬಡ್ಡಿ ಬೇರೆ.

ಕಾರ್ಖಾನೆಯವರ ಕಡೆಯೂ ಮಾತಿದೆ, ಇಲ್ಲ ಅನ್ನಬಾರದು. ಸಕ್ಕರೆಯ ಕನಿಷ್ಠ ಮಾರಾಟ ದರವನ್ನು ಕೇಂದ್ರ 2019ರಲ್ಲಿ ಕಿಲೋಗೆ 31 ರೂಪಾಯಿ ಮಾಡಿತು. ಆಮೇಲೆ ಅದು ವರ್ಷಗಟ್ಟಲೆ ಅಲ್ಲಾಡಲಿಲ್ಲ. ಅತ್ತ ಕಬ್ಬಿನ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ಕೊಡಲೇಬೇಕು ಅಂತ ಕೇಂದ್ರ ಗೊತ್ತುಮಾಡುವ ದರ, ಕ್ವಿಂಟಲ್‌ಗೆ 275 ಇದ್ದದ್ದು 2025-26ರ ಹಂಗಾಮಿಗೆ 355ಕ್ಕೆ ಬಂತು. ಸಕ್ಕರೆ ಮಾರಾಟವಾಗುವುದು ವರ್ಷವಿಡೀ, ಕಬ್ಬು ಬರುವುದು ನಾಲ್ಕೈದು ತಿಂಗಳಲ್ಲಿ. ದುಡ್ಡು ಸಿಕ್ಕಿಹಾಕಿಕೊಳ್ಳುತ್ತದೆ, ನಿಜ. ಆದರೆ ಆ ಇಕ್ಕಟ್ಟನ್ನು ಬ್ಯಾಂಕಿನ ಸಾಲದಿಂದ ದಾಟುವುದು ಒಂದು, ರೈತನ ಕಿಸೆಯಿಂದ ದಾಟುವುದು ಇನ್ನೊಂದು. ಎರಡನೆಯದನ್ನು ಮಾಡಿ ಮೇಲೆ ಜಾತ್ರೆಯ ಕಮಾನು ಕಟ್ಟಿಸುವುದು, ಆಳಿನ ಪಗಾರ ತಡೆದು ಗುಡಿಗೆ ಗಂಟೆ ಕೊಟ್ಟ ಹಾಗೆ.

2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ರಸ್ತೆಗೆ ಕೂತರು. ಕಟಾವು, ಸಾಗಾಣಿಕೆ ಖರ್ಚು ಬಿಟ್ಟು ಟನ್ನಿಗೆ 3500 ಕೇಳಿದರು. ಹೋರಾಟ ಸುತ್ತಲಿನ ಜಿಲ್ಲೆಗಳಿಗೂ ಹಬ್ಬಿತು. ಕೊನೆಗೆ ಮುಖ್ಯಮಂತ್ರಿ ಕಾರ್ಖಾನೆಯವರನ್ನು ಕೂರಿಸಿಕೊಂಡು 3300ಕ್ಕೆ ಮಾತು ಮುಗಿಸಿದರು. ಅದರಲ್ಲಿ 50 ರೂಪಾಯಿ ಸರ್ಕಾರದ್ದು. ಆ ದಿನಗಳಲ್ಲಿ ಯಾವ ರೈತನೂ ಊರಿಗೆ ಸಮುದಾಯ ಭವನ ಕೊಡಿ ಅಂತ ಕೇಳಲಿಲ್ಲ. ಕೇಳಿದ್ದು ದರ, ತೂಕ, ತಾರೀಖು.

ಇಲ್ಲಿಯವರೆಗೆ ಹೇಳಿದ್ದು ಕಂಪನಿಗಳ ಮಾತು. ನಮ್ಮ ಭಾಗದಲ್ಲಿ ಅಷ್ಟಕ್ಕೇ ಮುಗಿಯುವುದಿಲ್ಲ. 135ನೇ ಕಲಂ ಹಿಡಿಯುವುದು ಕಂಪನಿಗಳನ್ನು ಮಾತ್ರ. ಸಹಕಾರಿ ಸಂಘ ಕಂಪನಿಯಲ್ಲ. ಸಂಕೇಶ್ವರದ ಹಿರಣ್ಯಕೇಶಿ, ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಹಕಾರಿ ಕಾರ್ಖಾನೆಗಳು. ಅವುಗಳ ಜೊತೆಗೆ ಊರೂರಿಗೆ ಇರುವ ಪತ್ತಿನ ಸಂಘ, ಸೌಹಾರ್ದ ಸಹಕಾರಿ, ಅರ್ಬನ್ ಬ್ಯಾಂಕ್. ಇವು ಯಾವುದಕ್ಕೂ ಶೇ 2ರ ಕಟ್ಟಳೆ ಇಲ್ಲ. ಪಾಲುದಾರಿಕೆಯಲ್ಲಿ ನಡೆಯುವ ಇಳಕಲ್ಲಿನ ಗ್ರಾನೈಟ್ ವ್ಯಾಪಾರಕ್ಕೂ ಇಲ್ಲ, ವಿಜಯಪುರದ ದ್ರಾಕ್ಷಿ ಕೋಲ್ಡ್ ಸ್ಟೋರೇಜಿಗೂ ಇಲ್ಲ. ಬೆಳಗಾವಿಯ ಉದ್ಯಮಬಾಗ, ಮಚ್ಛೆಯ ಸಣ್ಣ ಫೌಂಡ್ರಿಗಳ ಲಾಭ ಆ ಗೆರೆ ಮುಟ್ಟುವುದೂ ಕಷ್ಟ.

ಸಹಕಾರದಲ್ಲಿ ದಾನಕ್ಕೆ ಜಾಗವೇ ಇಲ್ಲ ಅಂತಲ್ಲ. 1912ರ ಸಹಕಾರ ಸಂಘಗಳ ಕಾಯ್ದೆಯಲ್ಲೇ ಅದರ ಮಾತಿತ್ತು. ಲಾಭದ ನಾಲ್ಕನೇ ಒಂದು ಪಾಲು ಮೀಸಲು ನಿಧಿಗೆ ಇಟ್ಟ ಮೇಲೆ, ಉಳಿದದ್ದರಲ್ಲಿ ಶೇ 10ರ ತನಕ ರಿಜಿಸ್ಟ್ರಾರ್ ಒಪ್ಪಿಗೆ ಪಡೆದು ಧರ್ಮಕಾರ್ಯಕ್ಕೆ ಕೊಡಬಹುದು ಅಂತ. ಕೊಡಬೇಕು ಅಂತಲ್ಲ, ಕೊಡಬಹುದು. ಮೊದಲು ಮೀಸಲು, ಆಮೇಲೆ ದಾನ ಅನ್ನುವ ಆ ಕ್ರಮದಲ್ಲಿ ಒಂದು ಬುದ್ಧಿವಂತಿಕೆ ಇತ್ತು. ಈಗ ಎಷ್ಟೋ ಕಡೆ ಆಗುವುದೇ ಬೇರೆ. ಸಂಘದ ದುಡ್ಡಿನಲ್ಲಿ ಕೊಟ್ಟ ದೇಣಿಗೆ ಅಧ್ಯಕ್ಷರ ಫೋಟೊದ ಕೆಳಗೆ ಊರು ಮುಟ್ಟುತ್ತದೆ. ನಿರ್ದೇಶಕರ ಊರಿನ ಗುಡಿಗೆ ಮೊದಲು ಬಣ್ಣ, ವೋಟು ಬೀಳದ ಊರಿಗೆ ಆಮೇಲೆ ನೋಡೋಣ. ಸದಸ್ಯನ ಶೇರಿನ ಮೇಲಿನ ಡಿವಿಡೆಂಡ್ ಕಡಿಮೆಯಾಗಿರುತ್ತದೆ. ಅವನೇ ಬಂದು ವೇದಿಕೆಯ ಮುಂದೆ ಚಪ್ಪಾಳೆ ತಟ್ಟುತ್ತಾನೆ. ತನ್ನ ದುಡ್ಡಿಗೆ ತಾನೇ ಋಣಿಯಾಗುವ ಈ ಚಂದ ನಮ್ಮಲ್ಲಿ ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ, ಅಲ್ವಾ?

ಹಿಂದೆ ಹೀಗಿರಲಿಲ್ಲ ಅಂತ ಹೇಳಿಬಿಡುವುದು ಸುಲಭ. ಹಿಂದೆಯೂ ಹೆಸರಿನ ಆಸೆ ಇತ್ತು, ಜಾತಿಯ ಗೆರೆಯೂ ಇತ್ತು. ಆದರೆ ನೂರು ವರ್ಷದ ಹಿಂದೆ ಈ ಮೂರು ಜಿಲ್ಲೆಗಳಲ್ಲಿ ದಾನ ಮಾಡಿದವರು ಒಂದು ಸಂಗತಿಯಲ್ಲಿ ನಮಗಿಂತ ಜಾಣರಾಗಿದ್ದರು. ಸವದತ್ತಿ ತಾಲ್ಲೂಕಿನ ಶಿರಸಂಗಿಯ ಲಿಂಗರಾಜ ದೇಸಾಯಿ 1906ರಲ್ಲಿ ತೀರಿಕೊಂಡರು. ಮೃತ್ಯುಪತ್ರದಲ್ಲಿ ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ಓದಿಗೆ ಬಿಟ್ಟಿದ್ದರು. ಕಟ್ಟಡ ಕಟ್ಟಿಸಿ ಹೋಗಲಿಲ್ಲ. ವರ್ಷ ವರ್ಷ ಹುಟ್ಟುವಳಿ ಬರುವ ಜಮೀನು ಬಿಟ್ಟು ಹೋದರು. ಆ ಟ್ರಸ್ಟಿನ ದುಡ್ಡಿನಲ್ಲಿ ಓದಿದವರು ಮುಂದೆ ಬಹಳ ದೊಡ್ಡ ಜಾಗಗಳಿಗೆ ಹೋದರು. ಬೆಳಗಾವಿಯಲ್ಲಿ 1933ರಲ್ಲಿ ಶುರುವಾದ ಲಿಂಗರಾಜ ಕಾಲೇಜು ಅವರ ಹೆಸರಿನದೇ.

ಆ ಕಾಲೇಜು ಕಟ್ಟಿದ ಕೆಎಲ್‌ಇ ಸಂಸ್ಥೆ 1916ರಲ್ಲಿ ಹುಟ್ಟಿದ್ದು ಶ್ರೀಮಂತರಿಂದ ಅಲ್ಲ. ಏಳು ಜನ ಪ್ರಾಯದ ಮೇಷ್ಟ್ರುಗಳಿಂದ. ಸಪ್ತರ್ಷಿಗಳು ಅಂತ ಜನ ಅವರನ್ನು ಕರೆದರು. ಅವರು ಕೊಟ್ಟದ್ದು ದುಡ್ಡಿಗಿಂತ ಜಾಸ್ತಿ ದುಡಿಮೆ. ಅದನ್ನು ನೋಡಿ ದುಡ್ಡಿದ್ದವರು ಹಿಂದೆ ಬಂದರು. ವಂಟಮುರಿಯ ರಾಜಾ ಲಖಮಗೌಡ ಸರದೇಸಾಯಿಯವರ ಹೆಸರು ಇವತ್ತಿಗೂ ಬೆಳಗಾವಿಯ ಸೈನ್ಸ್ ಕಾಲೇಜಿನ ಮೇಲಿದೆ. ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ ಇದಕ್ಕೂ ಮೊದಲಿನದು, 1906ರದ್ದು.

ವಿಜಯಪುರದ ಫ.ಗು. ಹಳಕಟ್ಟಿಯವರದು ಇನ್ನೊಂದು ಬಗೆ. ವಚನಗಳ ತಾಡೋಲೆ ಹುಡುಕಿದವರು ಅಂತ ನಮಗೆ ಗೊತ್ತು. ಅದೇ ಮನುಷ್ಯ 1910ರಲ್ಲಿ ಬಿಎಲ್‌ಡಿಇ ಸಂಸ್ಥೆ ಕಟ್ಟಿದರು, 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕ್ ಕಟ್ಟಿದರು. ಶಾಲೆ ಮತ್ತು ಬ್ಯಾಂಕು, ಎರಡು ವರ್ಷದ ಅಂತರದಲ್ಲಿ. ಬರಗಾಲದ ಸೀಮೆಯ ವಕೀಲರಾಗಿ ಅವರು ಸಾಹುಕಾರನ ಬಡ್ಡಿ ಎಂಥದ್ದು ಅಂತ ಕೋರ್ಟಿನಲ್ಲೇ ನೋಡಿರಬೇಕು. ಮಗುವಿಗೆ ಪುಸ್ತಕ ಕೊಟ್ಟು ಅಪ್ಪನನ್ನು ಬಡ್ಡಿಯಲ್ಲಿ ಬಿಟ್ಟರೆ ಆ ಪುಸ್ತಕ ಹೆಚ್ಚು ದಿನ ಮನೆಯಲ್ಲಿ ಉಳಿಯುವುದಿಲ್ಲ ಅನ್ನುವ ಲೆಕ್ಕ ಅವರಿಗಿತ್ತು ಅಂತ ನನ್ನ ಊಹೆ. ಸ್ವಂತಕ್ಕೆ ಅವರು ಏನೂ ಉಳಿಸಿಕೊಳ್ಳಲಿಲ್ಲ. ಮುದ್ರಣಾಲಯ ನಡೆಸಲು ಮನೆ ಮಾರಿದವರು.

ಇವರೆಲ್ಲ ಕಟ್ಟಡ ನಿಂತ ಮೇಲೆ ಅದು ನಡೆಯುವ ಬಗೆ ಹೇಗೆ ಅಂತ ಮೊದಲೇ ಯೋಚಿಸಿದ್ದರು. ನಮ್ಮ ಇವತ್ತಿನ ದಾನ ಸೋಲುವುದು ಅಲ್ಲಿಯೇ.

ಯಾವುದೇ ಸರ್ಕಾರಿ ಶಾಲೆಯ ಕೋಣೆಗೆ ಹೋಗಿ ತಲೆ ಎತ್ತಿ ನೋಡಿ. ಫ್ಯಾನಿನ ಮೂರೂ ರೆಕ್ಕೆಗಳ ಮೇಲೆ ದಾನಿಗಳ ಹೆಸರು ಬರೆದಿರುತ್ತದೆ. ಒಂದರ ಮೇಲೆ ತಂದೆಯ ಹೆಸರು, ಇನ್ನೊಂದರ ಮೇಲೆ "ಇವರ ಸ್ಮರಣಾರ್ಥ", ಮೂರನೆಯದರ ಮೇಲೆ ಮಕ್ಕಳ ಹೆಸರು. ಫ್ಯಾನ್ ತಿರುಗಿದರೆ ಹೆಸರು ಓದಲಿಕ್ಕೆ ಬರುವುದಿಲ್ಲ. ಬಹಳ ಕಡೆ ಆರಾಮಾಗಿ ಓದಬಹುದು. ಕರೆಂಟ್ ಬಿಲ್ ಕಟ್ಟುವ ದಾನಿ ಇನ್ನೂ ಸಿಕ್ಕಿರುವುದಿಲ್ಲ. ನೀರಿನ ಘಟಕದ ಕಥೆಯೂ ಇದೇ. ಉದ್ಘಾಟನೆಗೆ ಶಾಮಿಯಾನ ಇರುತ್ತದೆ. ಎರಡು ವರ್ಷದ ಮೇಲೆ ಫಿಲ್ಟರ್ ಬದಲಿಸಬೇಕಾದಾಗ ಕಂಪನಿಯ ಯೋಜನೆ ಮುಗಿದಿರುತ್ತದೆ, ಪಂಚಾಯಿತಿಯ ಲೆಕ್ಕದಲ್ಲಿ ಅದಕ್ಕೆ ದುಡ್ಡು ಇಟ್ಟಿರುವುದಿಲ್ಲ. ಗೋಡೆಯ ಮೇಲಿನ ಲೋಗೋ ಮಾತ್ರ ಹೊಸದರ ಹಾಗೆ ಹೊಳೆಯುತ್ತಿರುತ್ತದೆ.

ದೊಡ್ಡ ಪ್ರಮಾಣದಲ್ಲಿ ಇದನ್ನು ನಾವು 2009ರಲ್ಲಿ ಕಂಡೆವು. ಆ ವರ್ಷದ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಮಳೆಗೆ ಉತ್ತರ ಕರ್ನಾಟಕ ಮುಳುಗಿತು. ಸರ್ಕಾರ "ಆಸರೆ" ಅಂತ ಯೋಜನೆ ಮಾಡಿ ಮನೆ ಕಟ್ಟಿಕೊಡಿ ಅಂತ ಕಂಪನಿಗಳನ್ನು, ಮಠಗಳನ್ನು ಕೇಳಿತು. ಬಹಳ ಜನ ಒಪ್ಪಿದರು, ಕಟ್ಟಿದರು ಕೂಡ. ಆಮೇಲೆ ಎಷ್ಟೋ ಕಡೆ ಆ ಮನೆಗಳು ಖಾಲಿ ಬಿದ್ದವು. ಹೊಲ ದೂರ, ಎಮ್ಮೆ ಕಟ್ಟಲು ಜಾಗ ಇಲ್ಲ, ಮೇವಿನ ಬಣವೆ ಎಲ್ಲಿ ಒಟ್ಟುವುದು? ಕೊಡುವವರ ಮನಸ್ಸಿನಲ್ಲಿದ್ದದ್ದು ಪಟ್ಟಣದ ಮನೆ. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮತ್ತೆ ಉಕ್ಕಿದಾಗ ಲಾರಿಗಟ್ಟಲೆ ಹಳೆ ಬಟ್ಟೆ ಬಂತು. ಹೊಳೆಸಾಲಿನ ಹೆಂಗಸರು ಜೀನ್ಸ್ ಪ್ಯಾಂಟಿನ ರಾಶಿ ನೋಡುತ್ತ ನಿಂತರು. ಅದೇ ಹೊತ್ತಿಗೆ ಸುತ್ತಲಿನ ಊರುಗಳಿಂದ ಮನೆಮನೆಗೆ ತಟ್ಟಿದ ಜೋಳದ ರೊಟ್ಟಿ, ಶೇಂಗಾ ಚಟ್ನಿ ಗಂಟು ಕಟ್ಟಿ ಬಂತು. ಹಸಿದವರು ಏನು ತಿನ್ನುತ್ತಾರೆ ಅಂತ ಗೊತ್ತಿದ್ದವರು ಕಳಿಸಿದ್ದು.

ಈ ರೊಟ್ಟಿ ಯಾವ ಸರ್ಕಾರಿ ಲೆಕ್ಕದಲ್ಲೂ ಬರುವುದಿಲ್ಲ. ಊರ ಕಾರ್ಯಕ್ಕೆ ಪಟ್ಟಿ ಎತ್ತುವುದು, ವರ್ಗಣಿ ಕೊಡುವುದು, ದಾಸೋಹಕ್ಕೆ ಜೋಳದ ಚೀಲ ಹಾಕುವುದು ನಮ್ಮಲ್ಲಿ ರೂಢಿ. ಬಸವಣ್ಣ ಹುಟ್ಟಿದ ಬಾಗೇವಾಡಿ ವಿಜಯಪುರ ಜಿಲ್ಲೆಯಲ್ಲಿದೆ, ಕೂಡಲಸಂಗಮ ಬಾಗಲಕೋಟೆಯಲ್ಲಿದೆ. ಕಾಯಕ ಮಾಡಿ ಗಳಿಸಿದ್ದರಲ್ಲೇ ದಾಸೋಹ ಅನ್ನುವುದು ಇಲ್ಲಿಯ ನೆಲದ ಮಾತು. ಅಡ್ಡದಾರಿಯಲ್ಲಿ ಬಂದದ್ದರಲ್ಲಿ ದಾಸೋಹ ಇಲ್ಲ ಅನ್ನುವ ಅರ್ಧವನ್ನು ನಾವು ಜಾತ್ರೆಯ ಮೈಕಿನಲ್ಲಿ ಹೇಳುವುದಿಲ್ಲ, ಅಷ್ಟೇ.

ದಾನದ ರಸೀದಿಯ ವಿಷಯವನ್ನೂ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. 80ಜಿ ಅಂತ ಎಲ್ಲರೂ ಕರೆಯುವ ತೆರಿಗೆ ವಿನಾಯಿತಿ ಹೊಸ ತೆರಿಗೆ ಪದ್ಧತಿಯಲ್ಲಿ ಇಲ್ಲ. ಹಳೆಯದರಲ್ಲೂ 2000 ರೂಪಾಯಿ ಮೀರಿದ ನಗದು ದಾನಕ್ಕೆ ಸಿಗುವುದಿಲ್ಲ. ಹಾಗಾಗಿ ತೆರಿಗೆ ಉಳಿಯುತ್ತದೆ ಅಂತ ಯಾರಾದರೂ ನಗದು ಕೇಳಿದರೆ ರಸೀದಿ ಪುಸ್ತಕವನ್ನು ಸರಿಯಾಗಿ ನೋಡಿ.

ವೈಯಕ್ತಿಕ ಸಂಪತ್ತಿನ ದಾನದಲ್ಲಿ ಈಚೆಗೆ ನನಗೆ ಹಿಡಿಸಿದ್ದು ಮೊಟ್ಟೆ. ಅಜೀಂ ಪ್ರೇಮ್‌ಜಿ ಫೌಂಡೇಶನ್ 2024ರಲ್ಲಿ ರಾಜ್ಯ ಸರ್ಕಾರದ ಜೊತೆ ಮೂರು ವರ್ಷಕ್ಕೆ 1500 ಕೋಟಿ ಕೊಡುವ ಒಪ್ಪಂದ ಮಾಡಿಕೊಂಡಿತು. ಅದರಿಂದ ಶಾಲೆಯ ಬಿಸಿಯೂಟದಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಬಂತು. ತಿನ್ನದವರಿಗೆ ಬಾಳೆಹಣ್ಣು. ಇದು ಕಂಪನಿಯ ಶೇ 2ರ ದುಡ್ಡಲ್ಲ. ಒಬ್ಬ ಮನುಷ್ಯ ತನ್ನ ಶೇರುಗಳನ್ನು ಎತ್ತಿಟ್ಟದ್ದರ ಫಲ. ಇಲ್ಲಿ ಮೊತ್ತಕ್ಕಿಂತ ನೋಡಬೇಕಾದ್ದು ವಿಧಾನ. ಮೊಟ್ಟೆಯ ದರದ ಒಳಗೆ ಬೇಯಿಸುವ ಗ್ಯಾಸು, ಸಿಪ್ಪೆ ಸುಲಿಯುವ ಕೂಲಿಯನ್ನೂ ಸೇರಿಸಿ ಲೆಕ್ಕ ಹಾಕಿದ್ದಾರೆ. ಫ್ಯಾನ್ ಕೊಟ್ಟು ಕರೆಂಟ್ ಬಿಲ್ ಮರೆತವರು ಇದನ್ನು ಗಮನಿಸಬೇಕು.

ಇನ್ನೊಂದು ಗುಂಪು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ದಸರಾ ದೀಪಾವಳಿ ಮುಗಿಯುತ್ತಿದ್ದಂತೆ ಕಬ್ಬು ಕಡಿಯುವ ಗ್ಯಾಂಗುಗಳು ಬರುತ್ತವೆ. ಮಹಾರಾಷ್ಟ್ರದ ಬೀಡ್ ಕಡೆಯಿಂದ, ನಮ್ಮದೇ ವಿಜಯಪುರದ ತಾಂಡಾಗಳಿಂದ. ಗ್ಯಾಂಗು ಕೂಡಿಸುವ ಮೇಸ್ತ್ರಿ, ಅಂದರೆ ಮುಕಾದಮ, ಮೊದಲೇ ಅಡ್ವಾನ್ಸ್ ಕೊಟ್ಟಿರುತ್ತಾನೆ. ಗಂಡ ಹೆಂಡತಿ ಸೇರಿ ಒಂದು ಕೊಯ್ತಾ ಅಂತ ಲೆಕ್ಕ. ಇಬ್ಬರಲ್ಲಿ ಒಬ್ಬರು ಮಲಗಿದರೆ ಕೂಲಿ ಮುರಿಯುತ್ತದೆ. ಮಕ್ಕಳು ಅರ್ಧ ವರ್ಷದ ಶಾಲೆ ಬಿಟ್ಟು ಹಿಂದೆಯೇ ಬರುತ್ತವೆ. ದೊಡ್ಡ ಹುಡುಗಿ ಚಿಕ್ಕದನ್ನು ಎತ್ತಿಕೊಂಡು ಗದ್ದೆಯ ಬದುವಿನಲ್ಲಿ ಕೂತಿರುತ್ತಾಳೆ, ಪಕ್ಕದಲ್ಲಿ ಟ್ರ್ಯಾಕ್ಟರ್ ಟ್ರೇಲರ್ ತುಂಬುತ್ತಿರುತ್ತದೆ.

ಇವರ ಜವಾಬ್ದಾರಿ ಯಾರದು? ಕಾರ್ಖಾನೆ ಹೇಳುತ್ತದೆ, ಅವರು ನಮ್ಮ ಕೆಲಸಗಾರರಲ್ಲ, ಗುತ್ತಿಗೆದಾರನವರು. ಗುತ್ತಿಗೆದಾರ ಮುಕಾದಮನನ್ನು ತೋರಿಸುತ್ತಾನೆ. ರೈತ ತನ್ನ ಬಿಲ್ಲಿನಲ್ಲಿ ಕಟಾವು ಸಾಗಾಣಿಕೆ ಮುರಿದುಕೊಂಡಿದ್ದಾರೆ ಅನ್ನುತ್ತಾನೆ. ಈಗ ಸಿಎಸ್‌ಆರ್ ನಿಯಮಕ್ಕೆ ಬನ್ನಿ. ನೌಕರರಿಗೆ ಮಾತ್ರ ಮಾಡಿದ್ದು ಲೆಕ್ಕಕ್ಕಿಲ್ಲ ಅನ್ನುತ್ತದೆ ಅದು. ಕಾಗದದ ಮೇಲೆ ಇವರು ಕಾರ್ಖಾನೆಯ ನೌಕರರಲ್ಲ ತಾನೆ? ಹಾಗಾದರೆ ಆ ಅಡ್ಡಿ ಇಲ್ಲ. ಹಂಗಾಮಿನ ನಾಲ್ಕೈದು ತಿಂಗಳು ಟೆಂಟ್ ಶಾಲೆ, ಹೆಂಗಸರಿಗೆ ಶೌಚಾಲಯ, ಕೂಸುಗಳಿಗೆ ನೆರಳು ಮಾಡಲು ಸಿಎಸ್‌ಆರ್ ದುಡ್ಡು ಬಳಸಬಹುದು. ಕೈಬಿಡಲು ಬಳಸುವ ನೆಪವನ್ನೇ ಕೈಹಿಡಿಯಲು ಬಳಸಬಹುದು. ಆದರೆ ಈ ಮಕ್ಕಳ ಅಪ್ಪ ಅಮ್ಮನ ವೋಟು ಇಲ್ಲಿಲ್ಲ. ಏಪ್ರಿಲ್‌ನಲ್ಲಿ ಅವರು ಹೊರಟುಹೋಗುತ್ತಾರೆ. ಹೋದವರಿಗೆ ಬೋರ್ಡ್ ತೋರಿಸಿ ಏನು ಪ್ರಯೋಜನ?

ಹೊರಗಿನ ಸಿಎಸ್‌ಆರ್ ದುಡ್ಡು ಇತ್ತ ತಿರುಗುವುದೂ ಕಡಿಮೆ. ಕಂಪನಿ ತಾನು ಕೆಲಸ ಮಾಡುವ ಜಾಗಕ್ಕೆ ಮೊದಲ ಆದ್ಯತೆ ಕೊಡಬೇಕು ಅಂತ ಕಾಯ್ದೆ ಹೇಳುತ್ತದೆ. ರಾಜ್ಯದ ದೊಡ್ಡ ಕಂಪನಿಗಳು ಕೆಲಸ ಮಾಡುವುದು ಬೆಂಗಳೂರಿನಲ್ಲಿ. ಹಿಂದುಳಿದ ಕಡೆಗೆ ಕೊಡೋಣ ಅಂತ ಹೊರಟವರು ಕೇಂದ್ರದ ಆಕಾಂಕ್ಷಿ ಜಿಲ್ಲೆಗಳ ಪಟ್ಟಿ ನೋಡುತ್ತಾರೆ. ಅದರಲ್ಲಿ ಕರ್ನಾಟಕದ್ದು ರಾಯಚೂರು ಮತ್ತು ಯಾದಗಿರಿ. ಸಂವಿಧಾನದ 371ಜೆ ಕಲಮಿನ ವಿಶೇಷ ಸವಲತ್ತೂ ನಮಗಿಲ್ಲ, ಅದು ಕಲ್ಯಾಣ ಕರ್ನಾಟಕದ್ದು. ಕಿತ್ತೂರು ಕರ್ನಾಟಕ ಅನ್ನುವ ಹೊಸ ಹೆಸರು 2021ರಲ್ಲಿ ಸಿಕ್ಕಿತು, ಅದರ ಜೊತೆ ದುಡ್ಡು ಬರಲಿಲ್ಲ. ಹಾಗಾಗಿ ಇಲ್ಲಿ ಹುಟ್ಟಿದ ಲಾಭದಿಂದಲೇ ಇಲ್ಲಿಯ ಕೆಲಸ ಆಗಬೇಕು. ಬಾಗಲಕೋಟೆ, ಮುದ್ದಾಪುರ, ಯಾದವಾಡದ ಸಿಮೆಂಟ್, ಕೂಡಗಿಯ 2400 ಮೆಗಾವಾಟ್ ವಿದ್ಯುತ್, ಬೆಳಗಾವಿಯ ಅಲ್ಯೂಮಿನಾ, ಎಲ್ಲಕ್ಕಿಂತ ಜಾಸ್ತಿ ಸಕ್ಕರೆ.

ಕಂಪನಿಗಳ ಲೆಕ್ಕ ನೋಡಲು ದೆಹಲಿಗೆ ಹೋಗಬೇಕಿಲ್ಲ. ಕೇಂದ್ರದ ರಾಷ್ಟ್ರೀಯ ಸಿಎಸ್‌ಆರ್ ಪೋರ್ಟಲ್‌ನಲ್ಲಿ ಯಾವ ಕಂಪನಿ ಯಾವ ಜಿಲ್ಲೆಗೆ ಎಷ್ಟು ಖರ್ಚು ಮಾಡಿತು ಅಂತ ಹಾಕಿರುತ್ತಾರೆ. ಪಿಯುಸಿ ಓದುವ ಮಗ ಮೊಬೈಲಿನಲ್ಲೇ ತೆಗೆದು ತೋರಿಸುತ್ತಾನೆ. ಬರೆದ ಶಾಲೆ ನಿಮ್ಮ ಊರಿನದಾದರೆ ಹೋಗಿ ನೋಡಿ ಬರಬಹುದು.

ಸಹಕಾರಿಗಳದ್ದು ಪೋರ್ಟಲ್‌ನಲ್ಲಿ ಸಿಗುವುದಿಲ್ಲ, ವಾರ್ಷಿಕ ಸಭೆಯಲ್ಲೇ ಕೇಳಬೇಕು. ಸೆಪ್ಟೆಂಬರ್ ಬಂತೆಂದರೆ ಸಭೆಗಳ ಸುಗ್ಗಿ. ಸದಸ್ಯರು ಸಹಿ ಹಾಕಿ, ಚೂಡಾ ಪೇಢಾದ ಪೊಟ್ಟಣ ತೆಗೆದುಕೊಂಡು, "ಎಲ್ಲಾ ಮಂಜೂರ್" ಅಂದು ಮಧ್ಯಾಹ್ನದ ಬಸ್ಸಿಗೆ ಹೊರಡುತ್ತಾರೆ. ಈ ಸಲ ಅಲ್ಲಿ ಎದ್ದು ನಿಂತು ಮೂರು ಕಾಗದ ಕೇಳಬಹುದು. ಹಂಗಾಮಿನಲ್ಲಿ ಯಾವ ವಾರದ ಕಬ್ಬಿನ ಬಿಲ್ ಯಾವ ತಾರೀಖಿಗೆ ಜಮೆ ಆಯಿತು. ತಡವಾದದ್ದಕ್ಕೆ ಬಡ್ಡಿ ಎಷ್ಟು ಹಾಕಿದಿರಿ. ದೇಣಿಗೆ ಅಂತ ಯಾವ ಊರಿಗೆ, ಯಾವ ಠರಾವಿನ ಮೇಲೆ, ಎಷ್ಟು ಕೊಟ್ಟಿರಿ. ಮೂರನೆಯ ಕಾಗದವನ್ನು ಕೂಡಲೇ ತಂದು ಓದುತ್ತಾರೆ, ಹೆಮ್ಮೆಯಿಂದಲೇ ಓದುತ್ತಾರೆ. ಮೊದಲ ಎರಡು ಬರುವ ತನಕ ಆ ಓದಿಗೆ ಚಪ್ಪಾಳೆ ತಟ್ಟದೆ ಕೂತಿದ್ದರೂ ಸಾಕು.